ಮಾವನ ವಾಚಿಗೆ ನಾನು ಮಾಡಿದ ಪಟ್ಟಾಭಿಷೇಕ

"ಒಂದು ವಾಚಿನ ಗುಂಡಿ ಬಿಗಿ ಮಾಡೋಕಾಗದವನು ಗಂಡಸೇನೇ?" ಎಂದು ಶನಿವಾರ ಮಧ್ಯಾಹ್ನ ಗುಡುಗಿದೆ. ದಿರೆದಾವಾ ಊರಿನ ನಮ್ಮ ಮನೆಯಲ್ಲಿ ನನ್ನ ಗುಡುಗಿಗೆ ಇರುವುದು ಒಂದೇ ಕಿವಿ, ಹೆಂಡತಿ ವೊಯ್ನಿಷೆತ್‌ಳದು.

"ಇಸ್ತ್ರಿಪೆಟ್ಟಿಗೆಗೂ ಹೀಗೇ ಅಂದಿದ್ರಿ. ಈಗದು ಬಾಗಿಲಿಗೆ ಅಡ್ಡ ಇಡೋಕೆ ಬರುತ್ತೆ ಅಷ್ಟೇ. ಸುಮ್ನೆ ರಿಪೇರಿಯವನಿಗೆ ಕೊಡ್ರೀ!"

ವಾಚು ಅವಳ ಅಪ್ಪ ದೆಮ್ಸೆಯವರದು. ರೈಲು ಓಡಿಸುತ್ತಿದ್ದ ಕಾಲದಿಂದ ಮಾವ ಅದನ್ನು ಕೈಯಿಂದ ಬಿಚ್ಚಿದವರಲ್ಲ. ಈಗ ಕೀ ಕೊಡುವ ಗುಂಡಿ, ರಿಪೇರಿಯವರು ಕಿರೀಟ ಎನ್ನುವುದು, ಮುಟ್ಟಿದರೆ ಉದುರುತ್ತಿತ್ತೆಂದು ರಿಪೇರಿಗೆ ಬಿಚ್ಚಿ ಕೊಟ್ಟಿದ್ದರು. ಮರುದಿನ ಬೆಳಗ್ಗೆ ಮೂರು ಗಂಟೆಗೆ ಮಾವ ಹಿರಿಯರೊಂದಿಗೆ ನನ್ನ ತಮ್ಮ ಬಿನ್ಯಾಮನಿಗೆ ಹೆಣ್ಣು ಕೇಳಲು ಹೋಗಬೇಕಿತ್ತು. ಮೂರೆಂದರೆ ಗಾಬರಿಯಾಗಬೇಡಿ! ನಾವು ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ಹೊರದೇಶದವರ ಒಂಬತ್ತು ನಮಗೆ ಮೂರು. ಹುಡುಗಿಯ ಅಪ್ಪ ನಿವೃತ್ತ ಸ್ಟೇಷನ್ ಮಾಸ್ತರರು. ಅಲ್ಲಿಗೆ ತಡವಾಗಿ ಹೋದರೆ ತಮ್ಮನ ಮದುವೆ ಗೋವಿಂದ!

ವಾಚಿಗೆ ಹೊಟ್ಟೆ ತುಂಬ ಕೀ ಕೊಟ್ಟೆ. ಫೋನು ನೋಡಿ ಗಂಟೆ ಹೊಂದಿಸಿದೆ. ಕಿರೀಟದ ಬುಡಕ್ಕೆ ಅಂಟು ಸುರಿದು ಒತ್ತಿ ಹಿಡಿದೆ. ಪಟ್ಟಾಭಿಷೇಕ ಮುಗಿಯಿತು! ಕಿರೀಟ ಎಷ್ಟು ಬಿಗಿಯಾಯಿತೆಂದರೆ ತಿರುಗಿಸಿದರೆ ತಿರುಗದು, ಎಳೆದರೆ ಬಾರದು. ಆಗ ಹೊಳೆಯಿತು, ನನ್ನ ಕೆಲಸ ವಿಮಾನ ನಿಲ್ದಾಣದಲ್ಲಿ, ನನ್ನ ಫೋನಿನಲ್ಲಿರುವುದು ಹೊರದೇಶದ ಹೊತ್ತು! ಮಾವನ ವಾಚು ಆರು ಗಂಟೆ ಆಚೆಗೆ ಹೋಗಿ ಕೂತಿತ್ತು.

ಆದರೆ ನನ್ನ ತಲೆ ಸಾಮಾನ್ಯವೇ? ವಾಚಿನಲ್ಲಿ ಅಂಕಿಗಳಿರಲಿಲ್ಲ, ಬರೀ ಗೆರೆಗಳು. ತಲೆಕೆಳಗಾಗಿ ಕಟ್ಟಿದರೆ ಒಂಬತ್ತು ಮೂರಾಗುತ್ತದೆ! ಭಾನುವಾರ ಮುಂಜಾನೆ ಮಾವ ಬಂದಾಗ ನಾನೇ ಭಕ್ತಿಯಿಂದ ಅವರ ಕೈಗೆ ಕಟ್ಟಿದೆ.

"ಗುಂಡಿ ಈ ಕಡೆಗಿತ್ತಾ ಅಳಿಯಂದ್ರೇ?"

"ಮೊದಲಿಂದ್ಲೂ ಅಲ್ಲೇ ಇತ್ತು ಮಾವ. ನೀವು ಗಮನಿಸಿಲ್ಲ."

ಪಾಪ, ನಂಬಿದರು. "ನಿಮ್ಮ ಕೈಗುಣ ಚೆನ್ನಾಗಿದೆ" ಎಂದು ಬೆನ್ನು ತಟ್ಟಿ ಚರ್ಚಿಗೆ ಹೋದರು. ಆ ತಟ್ಟಿದ ಜಾಗ ಇವತ್ತಿಗೂ ಉರಿಯುತ್ತದೆ.

ಕಾಫಿ ಬೀಜ ಹುರಿಯುತ್ತಿದ್ದ ಹೆಂಡತಿಗೆ ನನ್ನ ಜಾಣ್ಮೆಯನ್ನು ಬಣ್ಣಿಸಿದೆ. ಅವಳ ಸೌಟು ನಿಂತಿತು.

"ಚಿಕ್ಕ ಮುಳ್ಳು ಸರಿಹೋಯ್ತು. ದೊಡ್ಡ ಮುಳ್ಳೂ ತಲೆಕೆಳಗಾಯ್ತಲ್ರೀ, ಹನ್ನೆರಡರಲ್ಲಿರೋದು ಆರರಲ್ಲಿ ಕಾಣುತ್ತೆ!"

ಅರ್ಧ ಗಂಟೆ ವ್ಯತ್ಯಾಸ! ಮಾವನಿಗೆ ಫೋನು ಮಾಡಿದೆ. ಅಡುಗೆಮನೆಯ ಗೂಡಿನಲ್ಲೇ ಅದು ಹಾಡಿತು. ಇಂಥ ದೊಡ್ಡ ಕೆಲಸಕ್ಕೆ ಹೋಗುವಾಗ ಮಾವ ಫೋನು ಒಯ್ಯುವವರಲ್ಲ, ಜೊತೆಗಿನ ಹಿರಿಯರೂ ಅವರ ವಾಚನ್ನೇ ನಂಬುವವರು. ಚರ್ಚಿಗೆ ಓಡಿದೆ, ಹಿರಿಯರು ಆಗಲೇ ಹೊರಟು ಹೋಗಿದ್ದರು, ಯಾರ ಮನೆಯಲ್ಲಿ ಕಾಫಿಗೆ ಕೂತಿದ್ದಾರೋ ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ ಮಾವ ಮರಳಿದರು. ಬಾಗಿಲಲ್ಲಿ ಬಿನ್ಯಾಮ್ ಉಗುರು ಕಚ್ಚುತ್ತ ನಿಂತಿದ್ದ. ಮಾವ ವಾಚು ಬಿಚ್ಚಿ ಮೇಜಿನ ಮೇಲಿಟ್ಟರು.

"ಅರ್ಧ ಗಂಟೆ ತಡ. ನಾನು ಓಡಿಸಿದ ರೈಲು ಅವರ ಸ್ಟೇಷನ್ನಿಗೆ ಒಂದಿನಾನೂ ಹಾಗೆ ಬಂದಿರ್ಲಿಲ್ಲ" ಎಂದರು. "ಮಾಸ್ತರರು ನನ್ನ ಕೈ ನೋಡಿ, 'ದೆಮ್ಸೆ, ವಾಚು ತಲೆಕೆಳಗಾಗಿದೆಯಲ್ಲೋ, ಯಾರು ಕಟ್ಟಿದ್ದು?' ಅಂದ್ರು. 'ಅಳಿಯ' ಅಂದೆ. 'ಅಂದ್ರೆ ಹುಡುಗನ ಅಣ್ಣ?' ಅಂದ್ರು. ಹೂಂ ಅಂದೆ. 'ಯೋಚನೆ ಮಾಡ್ಬೇಕು, ಚರ್ಚಿನ ದೊಡ್ಡ ಉಪವಾಸದ ವಾರಗಳು ಮುಗಿದ ಮೇಲೆ ಬನ್ನಿ' ಅಂದ್ರು."

ತಮ್ಮನ ಮುಖ ನೋಡಲಾಗಲಿಲ್ಲ. ನನ್ನ ಜಂಬಕ್ಕೆ ಅವನು ಕಾಯಬೇಕಾಯಿತು. ಮಾವನ ಬರಿಗೈಯಲ್ಲಿ ವಾಚಿನ ಬಿಳಿ ಗುರುತು ಕಂಡು ಇನ್ನೂ ಕುಗ್ಗಿದೆ.

"ತಪ್ಪಾಯ್ತು ಮಾವ. ಮುಂದಿನ ಸಲ ನಾನೇ ಬಂದು ಅವರ ಕಾಲು ಹಿಡೀತೀನಿ."

"ಬೇಡಿ ಅಳಿಯಂದ್ರೇ" ಎಂದರು ಮಾವ ತಣ್ಣಗೆ. "ಮುಂದಿನ ಸಲ ಹುಡುಗನಿಗೆ ಅಣ್ಣ ಇಲ್ಲ ಅಂತಲೇ ಹೇಳ್ತೀವಿ."

ಹೌದು ಹೌದೆಂದು ಮೊದಲು ತಲೆಯಾಡಿಸಿದವನು ನನ್ನ ತಮ್ಮ.