ಅರ್ಧ ಸುದ್ದಿ, ಪೂರ್ತಿ ಅಭಿಪ್ರಾಯ

ದಾವಣಗೆರೆಯಲ್ಲಿ ನಲ್ಲಿ ನೀರಿಗೆ ಬರ ಬಂದದ್ದನ್ನು ನೋಡಿದ್ದೇನೆ, ಸೀಮೆಎಣ್ಣೆಗೆ ಬಂದದ್ದನ್ನೂ ನೋಡಿದ್ದೇನೆ. ಅಭಿಪ್ರಾಯಕ್ಕೆ ಬರ ಬಂದದ್ದನ್ನು ಮಾತ್ರ ಈವರೆಗೆ ನೋಡಿಲ್ಲ. ಪೇಟೆಯೊಳಗಿನ ಒಂದು ಸಣ್ಣ ವಾಚನಾಲಯದಲ್ಲಿ ಬಾಗಿಲು ತೆಗೆದು, ಬೆಂಚು ಒರೆಸಿ, ಪೇಪರ್ ಕಾಯುತ್ತಾ ಹದಿನೆಂಟು ವರ್ಷ ಕಳೆದವನು ನಾನು. ಗೋಡೆಯ ಮೇಲೆ 'ಮೌನವಾಗಿರಿ' ಎಂದು ಬರೆಸಿದ್ದೆ. ಆ ಬೋರ್ಡು ಎಷ್ಟು ಎತ್ತರದಲ್ಲಿರಬೇಕು ಎಂಬುದರ ಮೇಲೇ ಒಂದು ವಾರ ಗಲಾಟೆ ನಡೆಯಿತು.

ನಾಲ್ಕು ಹಾಳೆ

ನಮ್ಮಲ್ಲಿಗೆ ಬರುತ್ತಿದ್ದದ್ದು ಒಂದೇ ಪೇಪರ್. ಓದುವವರು ಹತ್ತು ಮಂದಿ. ಅದಕ್ಕೆ ನನಗಿಂತ ಮುಂಚೆ ಇದ್ದವರು ಒಂದು ಪದ್ಧತಿ ಮಾಡಿಟ್ಟಿದ್ದರು. ಪೇಪರ್ ಬಂದ ಕೂಡಲೆ ನಡುಮಡಿಕೆಗೆ ಮರದ ಪಟ್ಟಿ ಇಟ್ಟು ಹರಿದು ನಾಲ್ಕು ಬಿಡಿ ಹಾಳೆ ಮಾಡುವುದು, ಒಬ್ಬೊಬ್ಬರಿಗೆ ಒಂದೊಂದು ಕೊಡುವುದು, ಓದಿ ಮುಗಿದ ಮೇಲೆ ಅದಲು ಬದಲು ಮಾಡಿಕೊಳ್ಳುವುದು.

ಹೇಳುವುದಕ್ಕೆ ಚೆನ್ನಾಗಿಯೇ ಇತ್ತು. ಆದರೆ ಅದಲು ಬದಲಾದದ್ದನ್ನು ನಾನು ಕಂಡದ್ದು ಕಡಿಮೆ. ಕೈಯಲ್ಲಿರುವ ಹಾಳೆ ಮುಗಿಯುತ್ತಲೇ ಅಭಿಪ್ರಾಯ ಹುಟ್ಟಿಬಿಡುತ್ತಿತ್ತು. ಇನ್ನೊಂದು ಹಾಳೆ ಓದಿ ಅದನ್ನು ಕೆಡಿಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ.

ಮೊದಲ ಹಾಳೆ ಮೇಷ್ಟ್ರದು. ರಿಟೈರಾದ ಮಿಡ್ಲ್‌ಸ್ಕೂಲ್ ಮೇಷ್ಟ್ರು, ತೆಳ್ಳಗೆ, ಹಣೆ ತುಂಬ ವಿಭೂತಿ. ಕೊನೆಯ ಹಾಳೆ ಸಾಹುಕಾರ್ರದು. ಹತ್ತಿ ದಲಾಲಿ ಮಾಡಿ, ವ್ಯಾಪಾರ ಮಕ್ಕಳಿಗೆ ಬಿಟ್ಟು, ದನಿಯನ್ನು ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡವರು. ಇಬ್ಬರ ಮನೆಯೂ ಪಕ್ಕಪಕ್ಕ, ನಡುವೆ ಒಂದೇ ಗೋಡೆ. ಮೊದಲ ಪುಟದಲ್ಲಿ ಶುರುವಾದ ಸುದ್ದಿ ಕೊನೆಯ ಪುಟದಲ್ಲಿ ಮುಗಿಯುತ್ತಿತ್ತಲ್ಲ, ಹಾಗಾಗಿ ಮೇಷ್ಟ್ರಿಗೆ ಎಲ್ಲದರ ಆರಂಭ ಗೊತ್ತು, ಸಾಹುಕಾರ್ರಿಗೆ ಎಲ್ಲದರ ಅಂತ್ಯ ಗೊತ್ತು.

ರಷ್ಯಾದವನೊಬ್ಬ ಭೂಮಿಯನ್ನು ಸುತ್ತಿ ಬಂದ ಸುದ್ದಿ ಹೀಗೇ ಬಂತು.

"ಮನುಷ್ಯ ಆಕಾಶಕ್ಕೆ ಏರಿದ ಸಾಹುಕಾರ್ರೇ! ಏನು ಕಾಲ ಬಂತು!" ಎಂದರು ಮೇಷ್ಟ್ರು, ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

"ಏರಿದ್ದಲ್ರೀ, ಬಿದ್ದದ್ದು. ಇಲ್ಲಿ ಬರದೈತೆ ನೋಡ್ರಿ, ಹೊಲದಾಗೆ ಬಿದ್ದ ಅಂತ," ಎಂದರು ಸಾಹುಕಾರ್ರು.

"ಏರದೆ ಹೆಂಗೆ ಬೀಳ್ತಾನ್ರೀ?"

"ಬಿದ್ದ ಮ್ಯಾಲೆ ಏರಿದ್ದು ಯಾಕ ಬೇಕು?"

ಇದೇ ಧಾಟಿಯಲ್ಲಿ ಮುಕ್ಕಾಲು ಗಂಟೆ. ನಂದಿಗುಡಿ ಕಡೆಯ ರೈತರೊಬ್ಬರು ಸಂತೆಗೆ ಬಂದಾಗಲೆಲ್ಲ ನಮ್ಮ ಬೆಂಚಿಗೂ ಬರುತ್ತಿದ್ದರು, ಭತ್ತ ಬೆಳೆಯುವವರು. ಅವರಿಗೆ ಓದು ಬರದು, ಕೇಳಿಸಿಕೊಳ್ಳುವುದು ಬಲ್ಲರು. ಎಲ್ಲ ಕೇಳಿ ಕೊನೆಗೆ ಒಂದೇ ಮಾತು ಕೇಳಿದರು.

"ಆತು, ಏರಿದ, ಬಿದ್ದ, ಎರಡೂ ಖರೇನೇ ಇರ್ಲಿ. ಹೊಲದಾಗೆ ಪೈರು ನಿಂತಿತ್ತೋ, ಕೊಯ್ಲು ಆಗಿತ್ತೋ?"

ನಂಬರ್ ಬ್ಯಾಡಮ್ಮಾ

ಆ ವರ್ಷವೇ ಸಾಹುಕಾರ್ರ ಮನೆಗೆ ಫೋನು ಬಂತು. ಓಣಿಗೆಲ್ಲ ಅದೊಂದೇ. ಸ್ಟೂಲಿನ ಮೇಲೆ ಕಸೂತಿ ಬಟ್ಟೆ ಹಾಸಿ, ಅದರ ಮೇಲೆ ಫೋನು ಕೂರಿಸಿ, ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿದರು. ಮಂಡಕ್ಕಿ ಮೆಣಸಿನಕಾಯಿ ಎಲ್ಲರಿಗೂ ಹಂಚಿದ್ದಾಯಿತು. ಈಗ ಮೊದಲ ಮಾತು ಯಾರ ಜೊತೆ ಆಡುವುದು? ಅವರಿಗೆ ಬೇಕಾದವರ ಯಾರ ಮನೆಯಲ್ಲೂ ಫೋನಿಲ್ಲ. ಫೋನಿದ್ದ ಮನೆಯವರ ಮೇಲೆಲ್ಲ ಸಿಟ್ಟು.

ಸುಮ್ಮನೆ ಎತ್ತಿ ಕಿವಿಗಿಟ್ಟರು. ಆಗ ಡಯಲ್ ತಿರುಗಿಸುವುದಿರಲಿಲ್ಲ. ಎತ್ತಿದರೆ ಎಕ್ಸ್‌ಚೇಂಜಿನಲ್ಲಿ ಕೂತ ಆಪರೇಟರ್ ಕೇಳಬೇಕು, ಆಕೆ ತಂತಿ ಚುಚ್ಚಿ ಬೇಕಾದವರಿಗೆ ಜೋಡಿಸಬೇಕು. ಅಲ್ಲಿ ಆಪರೇಟರ್ ಆಗಿದ್ದವಳು ನಮ್ಮ ಮೇಷ್ಟ್ರ ಮಗಳೇ. ತಾಯಿ ಇಲ್ಲದ ಹುಡುಗಿ. ಸಾಹುಕಾರ್ರ ಮನೆಯ ಅಡಿಗೆಕೋಣೆಯಲ್ಲೇ ಅರ್ಧ ಬೆಳೆದವಳು.

"ನಂಬರ್ ಪ್ಲೀಸ್," ಅಂದಳು.

ಸಾಹುಕಾರ್ರ ಮುಖ ಅರಳಿತು. "ನಂಬರ್ ಬ್ಯಾಡಮ್ಮಾ, ನಾನು ನಿಮ್ಮ ದೊಡ್ಡಪ್ಪ! ಊಟ ಆತಾ?"

"ಡ್ಯೂಟಿಯಾಗಿದೀನಿ ದೊಡ್ಡಪ್ಪಾ. ಯಾರು ಬೇಕು ಹೇಳ್ರಿ."

"ಯಾರೂ ಬ್ಯಾಡ. ಏನು ಸಾರು ಮಾಡಿದ್ದಿ?"

ಆ ದಿನ ಅವರು ಆಕೆಗೆ ಹನ್ನೊಂದು ಸಲ ಫೋನು ಮಾಡಿದರಂತೆ. ಸಂಜೆ ಆಕೆ ಮನೆಗೆ ಬಂದಾಗ ಗೋಡೆಯಾಚೆಯಿಂದ ಹನ್ನೆರಡನೆಯ ಸಲ ಕೂಗಿ, "ಇವತ್ತು ಫೋನಿನಾಗೆ ನನ್ನ ದನಿ ಹೆಂಗಿತ್ತಮ್ಮಾ?" ಎಂದು ಕೇಳಿದರು.

ಅವರಿಗೆ ಹೇಳ್ರಿ

ಆ ಅಕ್ಕರೆಯೆಲ್ಲ ಒಂದು ಟ್ರಂಕ್ ಕಾಲಿನಲ್ಲಿ ಕರಗಿತು. ಬೇರೆ ಊರಿಗೆ ಮಾಡುವ ಆ ಕರೆಗೆ ಮೂರು ಮೂರು ನಿಮಿಷಕ್ಕೆ ದುಡ್ಡಿನ ಲೆಕ್ಕ, ಹೊತ್ತು ಮುಗಿದದ್ದನ್ನು ಆಪರೇಟರ್ ನಡುವೆ ಬಂದು ಹೇಳಬೇಕು. ಸಾಹುಕಾರ್ರು ಹುಬ್ಬಳ್ಳಿಯ ಯಾರ ಜೊತೆಗೋ ವ್ಯಾಪಾರದ ಗುಟ್ಟಿನ ಮಾತಾಡುತ್ತಿದ್ದರಂತೆ. ನಡುವೆ ಒಂದು ದನಿ, "ತ್ರೀ ಮಿನಿಟ್ಸ್ ಓವರ್." ಸಾಹುಕಾರ್ರು ಫೋನನ್ನು ಕಿವಿಯಿಂದ ತೆಗೆದು ದೂರ ಹಿಡಿದು ನೋಡಿದರು. ಹಾಗಾದರೆ ಈ ಮೂರು ನಿಮಿಷವೂ ಆಕೆ ಅಲ್ಲೇ ಇದ್ದಳು!

ಮರುದಿನ ವಾಚನಾಲಯಕ್ಕೆ ಬಂದವರೇ ಹಾಳೆಯನ್ನೂ ಮುಟ್ಟದೆ ಶುರುಮಾಡಿದರು. "ಹೆಣ್ಮಕ್ಳು ಕೆಲಸ ಮಾಡ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಊರಿನ ಮಾತೆಲ್ಲ ಕಿವಿಗೆ ಬೀಳೋ ಜಾಗದಾಗೆ ಮಗಳನ್ನ ಕೂರಿಸಿದ ಅಪ್ಪಂಗೆ ಏನನ್ನಬೇಕು?"

ಮೇಷ್ಟ್ರು ಪೇಪರಿನಿಂದ ತಲೆ ಎತ್ತಿದರು. "ಗುಟ್ಟು ಬೇಕಂದ್ರೆ ಮೆಲ್ಲಗೆ ಮಾತಾಡ್ರಿ. ನೀವು ಫೋನೆತ್ತಿದ್ರೆ ಫೋನಿಲ್ಲದ ನಾಲ್ಕು ಓಣಿಗೂ ಕೇಳ್ತೈತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ನಗಬಾರದಿತ್ತು. ಆ ಕೆಲಸದ ದೆಸೆಯಿಂದಲೇ ಹುಡುಗಿಗೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೇಷ್ಟ್ರು ಅದನ್ನು ಯಾರ ಮುಂದೆಯೂ ಆಡಿರಲಿಲ್ಲ. ಗೊತ್ತಿದ್ದದ್ದು ಸಾಹುಕಾರ್ರಿಗೆ ಒಬ್ಬರಿಗೇ. ಗೊತ್ತಿದ್ದೂ ಆ ಮಾತನ್ನು ಹತ್ತು ಜನರ ಮುಂದೆ ಆಡಿದ್ದು ಮೇಷ್ಟ್ರಿಗೆ ಚುಚ್ಚಿತು. ಮಾತು ಬಿಟ್ಟರು.

ಮಾತು ಬಿಟ್ಟರು ಎಂದರೆ ವಾದ ಬಿಟ್ಟರು ಅಂದುಕೊಳ್ಳಬೇಡಿ. ಮೊದಲಿನ ಜಾಗದಲ್ಲೇ ಎದುರುಬದುರು ಕೂರುತ್ತಿದ್ದರು. "ಅವರಿಗೆ ಹೇಳ್ರಿ, ಕಿಲೋ ಬಂದಿದ್ದು ಒಳ್ಳೇದಾತು ಅಂತ," ಎಂದು ಮೇಷ್ಟ್ರು ನನಗೆ ಹೇಳುವರು. "ಸೇರಿನಾಗೆ ಅಳೆದ ಅಕ್ಕಿಯ ರುಚಿ ಕಿಲೋದಾಗಿಲ್ಲ ಅಂತ ಅವರಿಗೆ ಹೇಳ್ರಿ," ಎಂದು ಸಾಹುಕಾರ್ರು. ಈ ಬೆಂಚಿನಿಂದ ಆ ಬೆಂಚಿಗೆ ತಿರುಗಿ ತಿರುಗಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ಒಂದು ದಿನ ರೇಗಿ, "ಇಬ್ಬರಿಗೂ ಕಿವಿ ಅದಾವಲ್ರೀ!" ಎಂದೆ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಇಬ್ಬರೂ ಒಂದೇ ಮಾತಿಗೆ ಬಂದರು. "ನೀವು ನಡುವೆ ಬಾಯಿ ಹಾಕಬ್ಯಾಡ್ರಿ," ಅಂದರು.

ಆದರೆ

ಅಷ್ಟರಲ್ಲಿ ಮೂರನೆಯ ಸಂಬಂಧ ಬಂತು. ಹುಡುಗ ಹರಿಹರದಲ್ಲಿ ಕಾರ್ಖಾನೆಯ ಕೆಲಸಗಾರ. ಅವನ ತಂದೆಯದು ಸಣ್ಣ ಅಕ್ಕಿ ಗಿರಣಿ. ಬಂದು ನೋಡಿಕೊಂಡು ಹೋದರು, ಉಪ್ಪಿಟ್ಟು ತಿಂದರು, ನಕ್ಕರು. "ಸೋಮವಾರ ಗಿರಣಿಯಿಂದ ಫೋನ್ ಮಾಡಿ ತಿಳಿಸ್ತೀವಿ," ಅಂದರು. ನಡುವೆ ನಿಂತು ಮಾತಾಡಿಸಿದವರು ಕೊಟ್ಟಿದ್ದ ನಂಬರು ಸಾಹುಕಾರ್ರ ಮನೆಯದು. ಜಗಳಕ್ಕಿಂತ ಮೊದಲು ಕೊಟ್ಟದ್ದು.

ಸೋಮವಾರ ಮಧ್ಯಾಹ್ನ ಸಾಹುಕಾರ್ರು ಬರಿಗಾಲಲ್ಲಿ ವಾಚನಾಲಯಕ್ಕೆ ಓಡಿಬಂದರು. ಮೇಷ್ಟ್ರ ಮುಖ ನೋಡಲಿಲ್ಲ. ನನ್ನ ಮುಂದೆ ನಿಂತು ಏದುಸಿರು ಬಿಡುತ್ತಾ, "ಅವರಿಗೆ ಹೇಳ್ರಿ, ಹರಿಹರದಿಂದ ಫೋನ್ ಬಂದಿತ್ತು. 'ಹುಡುಗಿ ನಮಗೆ ಒಪ್ಪಿಗೆ ಐತೆ, ಆದರೆ' ಅಂದ್ರು," ಎಂದರು.

"ಆದರೆ?" ಎಂದು ಮೇಷ್ಟ್ರು ಎದ್ದು ನಿಂತರು.

"ಆದರೆ ಅಂದ ಕೂಡ್ಲೆ ಲೈನ್ ಕಟ್ ಆತು ಅಂತ ಹೇಳ್ರಿ. ನಾನೇನೂ ಒತ್ತಿಲ್ಲ ಅಂತ್ಲೂ ಹೇಳ್ರಿ. ಮತ್ತೆ ಎತ್ತಿ ಕೇಳಿದ್ರೆ ಎಕ್ಸ್‌ಚೇಂಜಿನಾಗೆ ಲೈನ್ ಬಿಜಿ ಅಂದ್ರು."

ಸರಿ, ಬೆಂಚಿಗೆ ಬೇಕಾದದ್ದು ಸಿಕ್ಕಿತು. ಅರ್ಧ ಸುದ್ದಿ! ಒಬ್ಬರು, ಬಣ್ಣ ಕಮ್ಮಿ ಅಂತಿರಬೇಕು ಅಂದರು. ಒಬ್ಬರು, ಮದುವೆ ಹರಿಹರದಾಗೇ ಆಗ್ಲಿ ಅಂತಿರ್ತಾರೆ ಅಂದರು. ಟೈಲರ್ ಒಬ್ಬರಿದ್ದರು, ಬಂಗಾರದ ಮಾತೇ ಸೈ ಎಂದು ಆಣೆ ಇಟ್ಟರು. ಅದರ ಮೇಲೆ ಎರಡು ಪಾರ್ಟಿಯಾಗಿ ಕೈಯೆತ್ತಿ ವಾದಿಸತೊಡಗಿದರು.

ಮೇಷ್ಟ್ರು ಹಾಳೆ ಕೆಳಗಿಟ್ಟರು. "ನನ್ನ ಮಗಳ ಬಾಳು ನಿಮಗೆ ಪೇಪರ್ ಆತೇನ್ರೋ?" ಅಂದರು. ಅಷ್ಟು ವರ್ಷದಲ್ಲಿ ಅವರು ಯಾರನ್ನೂ 'ರೋ' ಹಚ್ಚಿ ಮಾತಾಡಿಸಿದ್ದು ನಾನು ಕೇಳಿರಲಿಲ್ಲ. ಗೋಡೆಯ ಬೋರ್ಡಿಗೆ ಅವತ್ತೊಂದು ದಿನ ಮರ್ಯಾದೆ ಸಿಕ್ಕಿತು. ನಾನು ಮರದ ಪಟ್ಟಿಯನ್ನು ಮೆಲ್ಲಗೆ ಬೆಂಚಿನ ಕೆಳಗೆ ಸರಿಸಿದೆ. ದಿನಾ ಬೆಳಿಗ್ಗೆ ಪಟ್ಟಿ ಇಟ್ಟು ಹರಿದುಕೊಡುತ್ತಿದ್ದವನು ನಾನೇ ತಾನೆ?

ಮಂಗಳವಾರ, ಬುಧವಾರ ಫೋನಿಲ್ಲ. ಎಕ್ಸ್‌ಚೇಂಜಿಗೆ ಹೋಗಿಬರುವ ಮಗಳನ್ನು ಕೇಳೋಣವೆಂದರೆ ಅಪ್ಪನಿಗೆ ನಾಚಿಕೆ. ನನ್ನ ಹತ್ತಿರ ಹೇಳಿಕೊಂಡರು: "ಆಕಿಗೆ ಚಿಂತೀನೇ ಇಲ್ಲ ನೋಡ್ರಿ. ಹಾಡು ಗುನುಗುತಾಳೆ, ಎರಡು ರೊಟ್ಟಿ ಜಾಸ್ತಿ ತಿಂತಾಳೆ. ಈ ಕಾಲದ ಹುಡುಗ್ರು ಹೆಂಗೆ ಅಂತೀನಿ!"

ಹರಿಹರಕ್ಕೆ ಮೂರು ಟಿಕೆಟ್

ಗುರುವಾರ ಮೇಷ್ಟ್ರು ಹರಿಹರಕ್ಕೆ ಹೊರಟರು. ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಸಾಹುಕಾರ್ರೂ ರುಮಾಲು ಸುತ್ತಿಕೊಂಡು ನಿಂತಿದ್ದಾರೆ. ಮಾತಾಡದವರಿಬ್ಬರ ನಡುವೆ ಒಬ್ಬ ಬೇಕಲ್ಲ, ವಾಚನಾಲಯಕ್ಕೆ ಬೀಗ ಹಾಕಿ ನಾನೂ ಹತ್ತಿದೆ. ಮೂರು ಜನರ ಸೀಟು, ನಡುವೆ ನಾನು.

ಊರು ದಾಟಿದ ಮೇಲೆ ಸಾಹುಕಾರ್ರು ಕಿಟಕಿ ಕಡೆ ನೋಡುತ್ತಾ, "ಅವರಿಗೆ ಹೇಳ್ರಿ... ಅವತ್ತು ನಾನು ಹಂಗೆ ಅನ್ನಬಾರ್ದಿತ್ತು. ತಪ್ಪಾತು," ಎಂದರು.

"ಹೇಳಲ್ಲ," ಅಂದೆ.

"ಹೇಳ್ರೀ ಅಂದ್ರೆ!"

"ಇದೊಂದನ್ನ ನೀವೇ ಹೇಳ್ರಿ," ಎಂದು ಎದ್ದು ಹಿಂದಿನ ಸೀಟಿಗೆ ಹೋಗಿ ಕೂತೆ. ಆಮೇಲೆ ಏನಂದರೋ ನನಗೆ ಕೇಳಲಿಲ್ಲ, ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡದ್ದು ಕಂಡಿತು. ಮತ್ತೆ ಹತ್ತು ನಿಮಿಷಕ್ಕೆ ಕರ್ನಾಟಕ ಒಂದಾದದ್ದರಿಂದ ಹೊಳೆಯಾಚೆಯವರಿಗೆ ಲಾಭವೋ ಈಚೆಯವರಿಗೋ ಎಂದು ಎಂಥ ವಾದ ಎದ್ದಿತೆಂದರೆ, ಹರಿಹರ ಬಂದದ್ದೇ ತಿಳಿಯಲಿಲ್ಲ. ಬಸ್ಸು ಸೇತುವೆ ಕಡೆ ತಿರುಗುವಾಗ ಕಂಡಕ್ಟರ್ ಬಂದು, "ಯಜಮಾನ್ರೇ, ಆಚೆ ದಡಕ್ಕೆ ಹೋಗಿ ಲಾಭ ಎಣಿಸ್ತೀರೇನು?" ಎಂದು ಇಳಿಸಿದ.

ಗಿರಣಿ ಯಜಮಾನರು ತೌಡು ಹಿಡಿದ ಮೈಯನ್ನು ಟವಲಿನಲ್ಲಿ ಕೊಡವುತ್ತಾ ಬಂದರು. "ಬರ್ರಿ ಬರ್ರಿ, ಕೂಡ್ರಿ. ಮಾತೆಲ್ಲ ಮುಗಿದೈತಲ್ರೀ, ಮತ್ತೆ ಯಾಕ ಬಿಸಲಾಗೆ ಬಂದ್ರಿ?"

"ಏನು ಮುಗೀತ್ರೀ? ಆದರೆ ಅಂದ್ರಂತೆ, ಲೈನ್ ಹೋತಂತೆ. ಆ ಆದರೆ ಏನು ಅಂತ ಕೇಳಾಕ ಬಂದೀವಿ," ಎಂದರು ಮೇಷ್ಟ್ರು.

ಅವರು ಒಮ್ಮೆ ಇವರ ಮುಖ, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಹೇಳಿದರು. "ಲೈನ್ ಹೋತು, ಖರೆ. ಐದು ನಿಮಿಷಕ್ಕೆ ಮತ್ತೆ ಗಂಟೆ ಹೊಡೀತು. ಎತ್ತಿದ್ರೆ ಹೆಣ್ಮಗಳ ದನಿ. 'ಆದರೆ ಅಂದ ಮ್ಯಾಲೆ ಏನು ಹೇಳೋರಿದ್ರಿ?' ಅಂತು. ಆಪರೇಟರ್ ಅಂದ್ಕೊಂಡು, 'ಮದುವೆ ಆದ ಮ್ಯಾಲೆ ಹುಡುಗಿ ಆ ಕೆಲಸ ಬಿಡಬೇಕು ತಾಯಿ, ಊರಿನ ಮಾತೆಲ್ಲ ಕೇಳಿಸ್ಕೊಳ್ಳೋದು ಚಂದಲ್ಲ' ಅಂದೆ. ಅದಕ್ಕೆ ಆಕಿ, 'ಎರಡು ವರ್ಷದಿಂದ ನಿಮ್ಮ ಗಿರಣಿಯಿಂದ ದಾವಣಗೆರೆಗೆ ಬಂದ ಮಾತೆಲ್ಲ ನನ್ನ ಕೈ ಮ್ಯಾಲೇ ದಾಟೈತೆ. ಒಂದಾದ್ರೂ ಮಾತು ಹೊರಗಿನವರ ಬಾಯಾಗೆ ಕೇಳೀರೇನ್ರಿ?' ಅಂದ್ಲು. ನಾನು ಎಷ್ಟು ಯೋಚನೆ ಮಾಡಿದ್ರೂ ಒಂದೂ ಇಲ್ಲ. 'ನೀನು ಯಾರಮ್ಮಾ?' ಅಂದೆ. 'ನಿಮಗೆ ಒಪ್ಪಿಗೆ ಆದ ಹುಡುಗಿ' ಅಂದ್ಲು."

ಮೇಷ್ಟ್ರು ಸಾಹುಕಾರ್ರ ಕಡೆ ತಿರುಗಿದರು, ಸಾಹುಕಾರ್ರು ನನ್ನ ಕಡೆ.

"ನಾನು ತಬ್ಬಿಬ್ಬಾದೆ ಅಂತಿಟ್ಕೊಳ್ರಿ. ಪಕ್ಕದಾಗೆ ನಮ್ಮ ಮನೆಯವಳು ನಿಂತು ಕೇಳಿಸ್ಕೊಳ್ತಿದ್ಲು. 'ಕೇಳಿದ್ದನ್ನ ಹೊಟ್ಟೆಯಾಗೆ ಇಟ್ಕೊಳ್ಳೋ ಸೊಸೆ ಇಡೀ ಹರಿಹರದಾಗೆ ಸಿಗಲ್ಲ, ಸುಮ್ಮನೆ ಹೂಂ ಅನ್ರಿ' ಅಂದ್ಲು. ಅಂದೆ. ಕೆಲಸ ಬಿಡೋದು ಬ್ಯಾಡ, ಇಲ್ಲಿಗೆ ವರ್ಗ ಮಾಡಿಸ್ಕೊಂಡ್ರಾತು."

ತಿರುಗಿ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಅಭಿಪ್ರಾಯವೇ ಇರಲಿಲ್ಲ. ನನಗೆ ಭಯವಾಯಿತು.

ಮಗಳು ಆಗಷ್ಟೇ ಕೆಲಸದಿಂದ ಬಂದು ಜಗಲಿಯ ಮೇಲೆ ಹೂ ಕಟ್ಟುತ್ತಾ ಕೂತಿದ್ದಳು. ಮೂವರೂ ಎದುರಿಗೆ ನಿಂತೆವು. ಮೊದಲು ಸಾಹುಕಾರ್ರು ಕೇಳಿದರು. "ಅವತ್ತು ಲೈನ್ ಹೆಂಗೆ ಕಟ್ ಆತಮ್ಮಾ?"

"ಮೂರು ನಿಮಿಷ ಆಗಿತ್ತು ದೊಡ್ಡಪ್ಪಾ."

"ಅವರು ಹಲೋ ಅಂದು ಇನ್ನೂ ಅರ್ಧ ನಿಮಿಷ ಆಗಿರ್ಲಿಲ್ಲ!"

ಆಕೆ ದಾರ ಹಲ್ಲಿನಿಂದ ಕಡಿದಳು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಅಳುವೂ ನಗುವೂ ಒಟ್ಟಿಗೇ ಬಂದ ದನಿಯಲ್ಲಿ, "ಅಲ್ಲವ್ವಾ, ಸೋಮವಾರದಿಂದ ನಾನು ಅನ್ನ ನೀರು ಸೇರದೆ ಒದ್ದಾಡ್ತಿದೀನಿ. ಎಲ್ಲ ಕೂಡಿ ಬಂದೈತೆ ಅಂತ ನಿನಗೆ ಅವತ್ತೇ ಗೊತ್ತಿತ್ತು. ಹೆತ್ತ ಅಪ್ಪಂಗೆ ಒಂದು ಮಾತು ಹೇಳಬಾರ್ದಿತ್ತಾ?" ಎಂದರು.

ಆಕೆ ತಲೆ ಬಗ್ಗಿಸಿಕೊಂಡೇ ಹೇಳಿದಳು.

"ಫೋನಿನಾಗೆ ಕೇಳಿದ್ದನ್ನ ಹೊರಗ ಹೇಳಬಾರ್ದು ಅಂತ ರೂಲ್ ಐತೆ ಅಪ್ಪಾ."