ವಿನ್ಸಿ ಹಾಕಿದ ಬ್ಯಾಟರಿ

ಕೆಲವು ವಸ್ತುಗಳು ನಮ್ಮ ಜೊತೆಗಿವೆ ಎಂಬುದು ಅವು ಕೂಗಿಕೊಂಡಾಗ ಮಾತ್ರ ಗೊತ್ತಾಗುತ್ತದೆ. ಕುಕ್ಕರಿಗೆ ಸೀಟಿ ಇಲ್ಲದಿದ್ದರೆ ನಮ್ಮ ಮನೆಯ ಬೇಳೆ ದಿನವೂ ಸೀದು ಹೋಗುತ್ತಿತ್ತು. ಈ ಜಾತಿಯಲ್ಲಿ ಅತ್ಯಂತ ನತದೃಷ್ಟ ಎಂದರೆ ಕಂಪ್ಯೂಟರಿನ ಯುಪಿಎಸ್ಸು. ಕಂಪ್ಯೂಟರಿಗೆ ಮೇಜಿನ ಮೇಲೆ ಜಾಗ, ಹೊದೆಯಲು ಹೂವಿನ ಚಿತ್ರದ ಬಟ್ಟೆ. ಯುಪಿಎಸ್ಸಿಗೆ ಮೇಜಿನ ಕೆಳಗೆ, ಕಸಬರಿಕೆಯ ಪಕ್ಕ. ಕರೆಂಟು ಹೋದಾಗ ತನ್ನ ಹೊಟ್ಟೆಯೊಳಗಿನ ಬ್ಯಾಟರಿಯಿಂದ ಒಂದಿಷ್ಟು ಹೊತ್ತು ಕಂಪ್ಯೂಟರನ್ನು ಸಾಯದಂತೆ ಹಿಡಿದುಕೊಳ್ಳುವುದು ಅದರ ಉದ್ಯೋಗ. ಅಂಥ ಉಪಕಾರಿಗೆ ನಾನು ಮಾಡುತ್ತಿದ್ದ ಸನ್ಮಾನವೆಂದರೆ, ದಿನವಿಡೀ ಅದರ ಮೇಲೆ ಎರಡೂ ಕಾಲು ಇಟ್ಟುಕೊಂಡು ಕೂರುವುದು. ಎತ್ತರ ಸರಿಯಾಗುತ್ತದೆ, ಮಳೆಗಾಲದಲ್ಲಿ ಪಾದಕ್ಕೆ ಬೆಚ್ಚಗೂ ಆಗುತ್ತದೆ. "ಕಾಲು ತೆಗಿ ಮಾರಾಯ, ಅದು ಮಣೆ ಅಲ್ಲ" ಎಂದು ವಿನ್ಸಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ನಾನು ತೆಗೆಯುತ್ತಿದ್ದೆ. ಅವನು ಆಚೆ ತಿರುಗಿದ ಕೂಡಲೇ ಮತ್ತೆ ಇಡುತ್ತಿದ್ದೆ.

ವಿನ್ಸಿ ಎಂದರೆ ವಿನ್ಸೆಂಟ್, ನನ್ನ ಪಾಲುದಾರ. ಬಂದ್ಯೋಡು ಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿದ ಕಟ್ಟಡದ ಮಾಳಿಗೆಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ. ಮದುವೆಯ ಕಾಗದ, ಭೂತಕೋಲದ ಕಾಗದ, ಗೃಹಪ್ರವೇಶದ ಕಾಗದ, ಉತ್ತರಕ್ರಿಯೆಯ ಕಾಗದ, ಹೀಗೆ ತೊಟ್ಟಿಲಿನಿಂದ ಮಸಣದವರೆಗೆ ಮನುಷ್ಯನಿಗೆ ಬೇಕಾಗುವ ಅಕ್ಷರಗಳೆಲ್ಲ ನಮ್ಮಲ್ಲಿ ಸಿಗುತ್ತವೆ. ಕೆಲಸದ ಪಾಲು ಸರಳ: ಅಕ್ಷರ ನನ್ನದು, ಕರೆಂಟು ಅವನದು. ಪ್ಲಗ್ಗಿಗೆ ಮೂರು ಕಾಲು ಯಾಕೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಅವನಿಗೆ ಒತ್ತಕ್ಷರ ಕಂಡರೆ ಜ್ವರ ಬರುತ್ತಿತ್ತು. ಬಂದ ಗಿರಾಕಿ ಒಂದು ಸಾಲು ಬರೆದುಕೊಳ್ಳಿ ಎಂದರೆ ಸಾಕು, ಪೆನ್ನನ್ನು ನನ್ನ ಕಡೆಗೆ ದೂಡಿ, ತಾನು ಯಾವುದಾದರೂ ಸ್ವಿಚ್ಚು ಬಿಚ್ಚಲು ಹೋಗುತ್ತಿದ್ದ.

ಯುಪಿಎಸ್ಸನ್ನು ಅವನು ನೋಡಿಕೊಳ್ಳುತ್ತಿದ್ದ ರೀತಿ ಕಂಡರೆ ಕೆಲವು ಗಂಡಂದಿರಿಗೆ ನಾಚಿಕೆಯಾಗಬೇಕು. ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿ, ಬಣ್ಣ ಬಳಿಯುವ ಬ್ರಷ್ಷಿನಿಂದ ಧೂಳು ತೆಗೆದು, ಕೆಂಪು ವಯರು ಕಪ್ಪು ವಯರುಗಳ ತುದಿ ಒರೆಸಿ, ಬೇಕೆಂದೇ ಮೈನ್ ಆಫ್ ಮಾಡಿ, ಎಷ್ಟು ಹೊತ್ತು ಎಳೆಯುತ್ತದೆ ಎಂದು ನೋಡುತ್ತಿದ್ದ. ಅದಕ್ಕೆ ಪ್ರಿಂಟರು ಜೋಡಿಸಬಾರದು, ಫ್ಯಾನು ಜೋಡಿಸಬಾರದು. ಹೊಸ ಬ್ಯಾಟರಿ ಹಾಕಿದರೆ ಒಂದಿಡೀ ರಾತ್ರಿ ಚಾರ್ಜಿಗೆ ಬಿಡಬೇಕು. ಚಾರ್ಜು ತಳ ಕಾಣುವ ತನಕ ಎಂದೆಂದೂ ಎಳೆಯಬಾರದು. ಆಯುಧಪೂಜೆಯ ದಿನ ನಾನು ಹೂವಿಟ್ಟು ಗಂಧ ಹಚ್ಚುವಾಗ ಅವನು ಪಕ್ಕದಲ್ಲಿ ಕಾವಲು ನಿಲ್ಲುತ್ತಿದ್ದ. "ನೀನು ಎಂತ ಪೂಜೆ ಬೇಕಾದ್ರೂ ಮಾಡು ಸಂಜೀವ, ನನ್ನದು ಅಡ್ಡಿ ಇಲ್ಲ. ಗಾಳಿ ಹೋಗುವ ತೂತಿಗೆ ಅಕ್ಕಿಕಾಳು ಮಾತ್ರ ಹಾಕ್ಬೇಡ" ಎನ್ನುತ್ತಿದ್ದ. ಆಮೇಲೆ ಪ್ರಸಾದದ ಅವಲಕ್ಕಿಯನ್ನು ನನಗಿಂತ ಹೆಚ್ಚು ಅವನೇ ತಿನ್ನುತ್ತಿದ್ದ.

ನಮ್ಮಿಬ್ಬರಿಗೆ ಜಗಳವಿದ್ದದ್ದು ಒಂದೇ ವಿಷಯದಲ್ಲಿ. ಕರೆಂಟು ಹೋಗಿ ಯುಪಿಎಸ್ಸು ಕೀಂ, ಕೀಂ ಎನ್ನತೊಡಗಿದರೆ ಬುದ್ಧಿಯಿದ್ದವರು ಇದ್ದದ್ದನ್ನು ಉಳಿಸಿಕೊಂಡು ಕಂಪ್ಯೂಟರ್ ಮುಚ್ಚುತ್ತಾರೆ. ನನಗೆ ಆಗಲೇ ಹುಮ್ಮಸ್ಸು ಬರುವುದು. ಇನ್ನೊಂದು ಸಾಲು, ಇನ್ನೊಂದೇ ಸಾಲು ಎಂದು ಕುಟ್ಟುತ್ತಾ ಹೋಗುತ್ತಿದ್ದೆ. "ಅದು ಇರುವುದು ನೀನು ಕೆಲಸ ಮಾಡ್ಲಿಕ್ಕಲ್ಲ ಮಾರಾಯ, ಮರ್ಯಾದೆಯಲ್ಲಿ ಬಂದ್ ಮಾಡ್ಲಿಕ್ಕೆ" ಎಂದು ವಿನ್ಸಿ ತಲೆ ಚಚ್ಚಿಕೊಳ್ಳುತ್ತಿದ್ದ. ಕರೆಂಟು ಇರುವಾಗಲೂ ಅವನಿಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ತನ್ನ ಮೂಲೆಯಲ್ಲಿ ಏನೋ ಬೆಸುಗೆ ಹಾಕುತ್ತಾ, ತಲೆ ಎತ್ತದೆಯೇ, ಆಗಾಗ "ಸಂಜೀವಾ, ಸೇವ್!" ಎಂದು ಕೂಗುತ್ತಿದ್ದ. ನಾನು ಕೀಲಿ ಒತ್ತುತ್ತಿದ್ದೆ. ಕೆಳಗಿನ ಒಣಮೀನಿನ ಅಂಗಡಿಯ ಅಬ್ಬಾಸಾಕ ಆ ಕೂಗು ಕೇಳಿ ಚಹಾದ ಹೊತ್ತಾಯಿತು ಎಂದು ಏಳುತ್ತಿದ್ದರಂತೆ. ಇಷ್ಟು ವರ್ಷ ನಾನಾಗಿ ನೆನಪಿಟ್ಟು ಒಮ್ಮೆಯೂ ಸೇವ್ ಮಾಡಿದವನಲ್ಲ. ಅದು ಕರೆಂಟಿನವನ ಇಲಾಖೆ ಎಂದು ಬಿಟ್ಟಿದ್ದೆ.

ಕಳೆದ ವರ್ಷ ಮಳೆ ಹಿಡಿಯುವ ಮೊದಲು, ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದ ವಿನ್ಸಿ ಬಟ್ಟಲಿನ ಮುಂದೆ ಎದೆ ಹಿಡಿದುಕೊಂಡು ಕೂತನಂತೆ. ಜೀಪಿನಲ್ಲಿ ಮಲಗಿಸಿ ಮಂಗಳೂರಿಗೆ ಹೊರಟರು. ಅರ್ಧ ದಾರಿಯ ತಲಪಾಡಿ ದಾಟುವ ಮೊದಲೇ ಮುಗಿದಿತ್ತು. ಕೀಂ ಎನ್ನಲಿಲ್ಲ, ಒಂದು ಮುನ್ಸೂಚನೆ ಕೊಡಲಿಲ್ಲ. ಮರುದಿನ ಅಂಗಡಿ ತೆರೆದಾಗ ಅವನ ಮೂಲೆಯಲ್ಲಿ ಬೆಸುಗೆಯ ಕಡ್ಡಿ ಅವನಿಟ್ಟಲ್ಲೇ ಇತ್ತು. ನಾನು ಬಾಗಿಲು ಎಳೆದು, ಮೆಟ್ಟಿಲಿನ ಮೇಲೆ ಕೂತು, ದಾರಿಯಲ್ಲಿ ಹೋಗುವವರು ನೋಡುತ್ತಾರೆ ಎಂಬ ಲಜ್ಜೆಯಿಲ್ಲದೆ ಅತ್ತೆ.

ಇನ್ನು ಬ್ಯಾಟರಿಯ ವಿಷಯ. ಪ್ರತಿ ಬ್ಯಾಟರಿ ಹಾಕುವಾಗಲೂ ವಿನ್ಸಿ ಅದರ ಮೈಗೆ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರಿನ ತುಂಡೊಂದನ್ನು ಅಂಟಿಸಿ, ಅದರ ಮೇಲೆ ತಿಂಗಳು, ಇಸವಿ ಬರೆಯುತ್ತಿದ್ದ. ಅಕ್ಷರಕ್ಕೆ ಹೆದರುವವನು, ಆದ್ದರಿಂದ ನಿಧಾನವಾಗಿ, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಗುಂಡಗೆ ಬರೆಯುತ್ತಿದ್ದ. ಇಡೀ ಅಂಗಡಿಯಲ್ಲಿ ಅವನ ಕೈಬರಹ ಅಂತ ಉಳಿದದ್ದು ಅದೊಂದೇ. ಅವನು ಕೊನೆಗೆ ಹಾಕಿದ ಆ ಬ್ಯಾಟರಿ ಆಗಲೇ ಮುದಿಯಾಗಿತ್ತು. ಅವನು ಹೋದ ಮೇಲೆ ಬೇಗ ಬೇಗ ಕೈಕೊಡತೊಡಗಿತು. ಮೊದಲು ಹತ್ತು ನಿಮಿಷ ಎಳೆಯುತ್ತಿದ್ದದ್ದು ಎರಡು ನಿಮಿಷಕ್ಕೆ ಇಳಿಯಿತು. ಆಮೇಲೆ ಕರೆಂಟು ಹೋಗುವುದೂ ಕಂಪ್ಯೂಟರು ಆರುವುದೂ ಒಟ್ಟಿಗೇ. ಬದಲಿಸಬೇಕು ಎಂದು ನನಗೂ ಗೊತ್ತಿತ್ತು. ಬ್ಯಾಟರಿ ಅಂಗಡಿಯವರು ಹಳೆಯದನ್ನು ಕೇಳಿ ಇಟ್ಟುಕೊಳ್ಳುತ್ತಾರೆ ಎಂಬುದೂ ಗೊತ್ತಿತ್ತು. ಆ ಎರಡನೆಯದು ಗೊತ್ತಿದ್ದ ಕಾರಣ ಮೊದಲನೆಯದನ್ನು ಮುಂದೆ ಮುಂದೆ ಹಾಕುತ್ತಿದ್ದೆ.

ಅದನ್ನು ಬದುಕಿಸಲು ಪ್ರಯತ್ನಪಡಲಿಲ್ಲ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ನಾವು ಸಣ್ಣವರಿರುವಾಗ ಟಾರ್ಚಿನ ಸೆಲ್ಲು ಮಂಕಾದರೆ ಅಂಗಳದ ಬಿಸಿಲಿಗೆ ಇಡುತ್ತಿದ್ದೆವು. ಮಧ್ಯಾಹ್ನದ ಬಿಸಿಲು ಕುಡಿದ ಸೆಲ್ಲು ಇನ್ನೊಂದು ಸಲ ಭೂತಕೋಲಕ್ಕೆ ಹೋಗಿ ಬರುವಷ್ಟು ಬೆಳಕು ಕೊಡುತ್ತಿತ್ತು. ಟಾರ್ಚಿಗೆ ಆದದ್ದು ಯುಪಿಎಸ್ಸಿಗೆ ಯಾಕಾಗಬಾರದು? ಬ್ಯಾಟರಿಯನ್ನು ಹೊರಗೆ ತೆಗೆದು ಕಟ್ಟಡದ ತಾರಸಿಗೆ ಹೊತ್ತುಕೊಂಡು ಹೋದೆ. ಅಲ್ಲಿ ಅಬ್ಬಾಸಾಕನ ಮೀನು ಒಣಗಲು ಹಾಕಿತ್ತು. ಚಾಪೆಯ ಒಂದು ಮೂಲೆಯಲ್ಲಿ, ಬಂಗುಡೆಗಳ ಸಾಲಿನಲ್ಲಿ ಅದನ್ನೂ ಇಟ್ಟು ಬಂದೆ. ಸಂಜೆ ಮೀನು ತೆಗೆಯಲು ಬಂದ ಅಬ್ಬಾಸಾಕ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನನ್ನ ಬಾಗಿಲಿಗೆ ಬಂದರು.

"ಸಂಜೀವಣ್ಣ, ಇದು ಎಂತ ಮೀನು ಮಾರಾಯ್ರೆ?"

"ಬ್ಯಾಟರಿ ಅಬ್ಬಾಸಾಕ. ಸ್ವಲ್ಪ ಬಿಸಿಲು ತಾಗಲಿ ಅಂತ ಇಟ್ಟದ್ದು."

ಅವರು ಅದನ್ನು ತಿರುಗಿಸಿ ನೋಡಿದರು. "ಉಪ್ಪು ಹಾಕಿದ್ದೀರಾ?" ಎಂದರು. ಆಮೇಲೆ ಬಿಳಿ ಪ್ಲಾಸ್ಟರಿನ ಮೇಲಿನ ಗುಂಡು ಅಕ್ಷರ ಕಂಡಿತೋ ಏನೋ, ನಗು ನಿಲ್ಲಿಸಿ, ಮೆಲ್ಲಗೆ ಮೇಜಿನ ಮೇಲಿಟ್ಟು ಇಳಿದು ಹೋದರು. ಬ್ಯಾಟರಿಯ ಎರಡೂ ಪಕ್ಕ ಉಬ್ಬಿತ್ತು. ಒಂದು ವಾರ ಅದಕ್ಕೆ ಮೀನಿನ ವಾಸನೆ ಇತ್ತು. ಬೇರೆ ಯಾವ ಶಕ್ತಿಯೂ ಬಂದಿರಲಿಲ್ಲ.

ಅದನ್ನೇ ಮತ್ತೆ ಒಳಗೆ ತುರುಕಿ ದಿನ ದೂಡಿದೆ. ಉಬ್ಬಿದ ಬ್ಯಾಟರಿ ಸಲೀಸಾಗಿ ಒಳಹೋಗಲಿಲ್ಲ. ಮುಚ್ಚಳಕ್ಕೆ ಚೀಲದ ಹಗ್ಗ ಕಟ್ಟಿದೆ. ಹೀಗೆ ಯುಪಿಎಸ್ಸು ಕೈಕೊಟ್ಟಿತ್ತು, "ಸಂಜೀವಾ, ಸೇವ್" ಎನ್ನುವವನೂ ಇರಲಿಲ್ಲ. ಒಬ್ಬರ ಮದುವೆಯ ಕಾಗದದಲ್ಲಿ ವರನ ಕಡೆಯ ಹಿರಿಯರೆಲ್ಲ ಮಾಯವಾದರು. ಯಕ್ಷಗಾನದ ನೋಟೀಸಿನಲ್ಲಿ ಕಲಾವಿದರು ಇಲ್ಲವಾಗಿ ಬರೀ ಪ್ರಸಂಗದ ಹೆಸರು ಉಳಿಯಿತು. ಸಂಜೆ ಲೋಡ್ ಶೆಡ್ಡಿಂಗಿನ ಹೊತ್ತಿಗೆ ಸರಿಯಾಗಿ ನನ್ನ ಅಂಗಡಿಯಿಂದ ಒಂದು ನಿಟ್ಟುಸಿರು ಕೇಳಿಬರುತ್ತದೆ ಎಂದು ಪೇಟೆಯಲ್ಲಿ ಮಾತಾಯಿತು. ನನ್ನ ಹೆಂಡತಿ ಸುಮತಿ ಅನುನಯದಲ್ಲಿ ಹೇಳಿ ನೋಡಿದಳು, ಕೊನೆಗೆ ನೇರವಾಗಿಯೇ ಹೇಳಿದಳು: "ವಿನ್ಸಿಯಣ್ಣ ಬ್ಯಾಟರಿ ಹಾಕಿದ್ದು ಕಂಪ್ಯೂಟರಿಗೆ. ನಿಮಗಲ್ಲ." ಬೇರೆಯವರ ಹಿರಿಯರು ಮಾಯವಾದರೆ ಮತ್ತೆ ಟೈಪು ಮಾಡಬಹುದು ಎಂಬ ಧೈರ್ಯದಲ್ಲಿದ್ದೆ.

ಆಗ ಲಿಲ್ಲಿ ಬಾಯಿ ಬಂದರು. ಲಿಲ್ಲಿ ಬಾಯಿ ಎಂದರೆ ವಿನ್ಸಿಯ ಹೆಂಡತಿ. ಬರುವ ಆದಿತ್ಯವಾರ ಇಗರ್ಜಿಯಲ್ಲಿ, ಎಂದರೆ ಅವರ ಚರ್ಚಿನಲ್ಲಿ, ಅವನ ವರ್ಷದ ಪೂಜೆ. ಬಂದವರಿಗೆ ಕೊಡಲು ಅವನ ಫೋಟೋ, ಕೆಳಗೆ ಒಂದು ಕೊಂಕಣಿ ಪ್ರಾರ್ಥನೆ ಇರುವ ಸಣ್ಣ ಕಾರ್ಡು ಆಗಬೇಕಿತ್ತು. ಫೋಟೋದಲ್ಲಿ ಅವನು ಬಾಯಿ ತುಂಬಾ ನಗುತ್ತಿದ್ದ, ಕಿಸೆಯಲ್ಲಿ ಟೆಸ್ಟರು ಸಿಕ್ಕಿಸಿಕೊಂಡಿದ್ದ. "ಟೆಸ್ಟರು ಕಾಣದ ಹಾಗೆ ಮಾಡಲಿಕ್ಕೆ ಆಗ್ತದೆ" ಎಂದೆ. "ಬೇಡ ಸಂಜೀವಣ್ಣ, ಇರಲಿ. ಅದು ತೆಗೆದ್ರೆ ಇವರದ್ದು ಅಂತ ಗುರ್ತ ಸಿಗ್ಲಿಕ್ಕಿಲ್ಲ" ಎಂದರು. ಸ್ಟೂಲು ಎಳೆದು ನನ್ನ ಪಕ್ಕದಲ್ಲಿ ಕೂತರು. ಫೋಟೋ ಸ್ಕ್ಯಾನು ಮಾಡಿ, ಅವನ ಹೆಸರು ಟೈಪು ಮಾಡಿ, ಪ್ರಾರ್ಥನೆ ಅರ್ಧಕ್ಕೆ ಬಂದಿತ್ತು. ಕರೆಂಟು ಹೋಯಿತು. ಟಕ್ ಎಂದು ಎಲ್ಲ ಕಪ್ಪು. ಸ್ವಲ್ಪ ಹೊತ್ತಿನಲ್ಲಿ ಬಂತು. ನಾನು ತಲೆ ಎತ್ತದೆ ಮತ್ತೆ ಫೋಟೋ ಹಾಕಿದೆ, ಹೆಸರು ಹಾಕಿದೆ, ಪ್ರಾರ್ಥನೆ ಶುರು ಮಾಡಿದೆ. ಮತ್ತೆ ಟಕ್.

ಲಿಲ್ಲಿ ಬಾಯಿ ಕಪ್ಪಾದ ಪರದೆಯನ್ನೇ ನೋಡುತ್ತಿದ್ದರು. "ಇವರು ಎಷ್ಟು ಸಲ ಹೋಗುವುದು ಸಂಜೀವಣ್ಣ?" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ನಿಜವಾಗಿ ಕೇಳಿದರು. ನಾನು ಹಗ್ಗ ಬಿಚ್ಚಿ ಬ್ಯಾಟರಿ ಹೊರಗೆ ತೆಗೆದು, ಪೇಪರಿನಲ್ಲಿ ಸುತ್ತಿ, "ನಾಳೆ ಸಂಜೆ ಬನ್ನಿ" ಎಂದೆ.

ಮರುದಿನ ಬೆಳಿಗ್ಗೆ ಕುಂಬಳೆಯ ಬ್ಯಾಟರಿ ಅಂಗಡಿಗೆ ಹೋದೆ. ಕೌಂಟರಿನವ ಪೇಪರು ಬಿಡಿಸಿ, ಮೂಸಿ ನೋಡಿ, "ಇದಕ್ಕೆ ಎಂತ ಆದದ್ದು? ಹೊಟ್ಟೆ ಬಂದಿದೆಯಲ್ಲ" ಎಂದ. ಬಿಸಿಲಿನ ಕತೆ ಅವನಿಗೆ ಹೇಳಲಿಲ್ಲ. ಅವನು ಹೊಸದನ್ನು ತರಲು ಒಳಗೆ ಹೋದಾಗ ಪ್ಲಾಸ್ಟರಿನ ತುದಿಗೆ ಉಗುರು ಹಾಕಿ ಎಳೆದೆ. ಬಿಸಿಲಿಗೆ ಅದರ ಅಂಟು ಬೆಂದು ಹೋಗಿತ್ತು. ಇಸವಿ ನನ್ನ ಕೈಗೆ ಬಂತು, ತಿಂಗಳು ಬ್ಯಾಟರಿಯಲ್ಲೇ ಉಳಿಯಿತು. ಇನ್ನೊಮ್ಮೆ ಕೆರೆಯುವಷ್ಟರಲ್ಲಿ ಅವನು ಬಂದು ಹಳೆಯದನ್ನು ಎತ್ತಿ, ಮೂಲೆಯಲ್ಲಿದ್ದ ಸತ್ತ ಬ್ಯಾಟರಿಗಳ ರಾಶಿಗೆ ಹಾಕಿದ. ನಾನು ಇಸವಿಯನ್ನು ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಹೊಸದನ್ನು ನಾನೇ ಹಾಕಿದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸಣ್ಣ ಕಿಡಿ ಹಾರಿತು. ನಾನು ಬಾಗಿಲಿನವರೆಗೆ ಹಾರಿದೆ. ಒಂದು ರಾತ್ರಿ ಚಾರ್ಜಿಗೆ ಬಿಡುವಷ್ಟು ಪುರುಸೊತ್ತು ಇರಲಿಲ್ಲ, ಹಗಲಿನಲ್ಲಿ ಕುಡಿದಷ್ಟು ಕುಡಿಯಲಿ ಎಂದು ಬಿಟ್ಟೆ. ಸಂಜೆ ಲಿಲ್ಲಿ ಬಾಯಿ ಬಂದು ಅದೇ ಸ್ಟೂಲಿನಲ್ಲಿ ಕೂತರು. ಫೋಟೋ, ಹೆಸರು, ಪ್ರಾರ್ಥನೆ ಎಲ್ಲ ಕೂತಿತು. ಜೀವನದಲ್ಲಿ ಮೊದಲ ಬಾರಿಗೆ, ಯಾರೂ ಕೂಗದೆ, ನಾನಾಗಿ ಸೇವ್ ಮಾಡಿದೆ. ಅಷ್ಟರಲ್ಲಿ ಲೋಡ್ ಶೆಡ್ಡಿಂಗಿನ ಹೊತ್ತಾಗಿ ಪೇಟೆಯ ದೀಪಗಳೆಲ್ಲ ಆರಿದವು. ಮೇಜಿನ ಕೆಳಗಿನಿಂದ ಕೀಂ ಎಂದಿತು. ಎಷ್ಟೋ ತಿಂಗಳ ಮೇಲೆ ಕೇಳಿದ ದನಿ. ಇಡೀ ಅಂಗಡಿಯಲ್ಲಿ ಬೆಳಕು ಇದ್ದದ್ದು ಪರದೆಯಲ್ಲಿ ಮಾತ್ರ, ಅದರಲ್ಲಿ ವಿನ್ಸಿ ನಗುತ್ತಿದ್ದ.

"ಉಳಿಯಿತಾ?" ಎಂದರು ಲಿಲ್ಲಿ ಬಾಯಿ.

"ಉಳಿಯಿತು."

"ಹಾಗಾದ್ರೆ ಬಂದ್ ಮಾಡ್ಬೇಕಲ್ಲ. ಇವರು ಯಾವಾಗ್ಲೂ ಹೇಳ್ತಿದ್ರು."

"ಹೌದು, ಮಾಡ್ಬೇಕು" ಎಂದೆ. ಕೈ ಮಾತ್ರ ಮುಂದೆ ಹೋಗಲಿಲ್ಲ. ಇಬ್ಬರೂ ನೋಡುತ್ತಾ ಕೂತೆವು. ಕೀಂ ಕೀಂ ಹತ್ತಿರ ಹತ್ತಿರವಾಯಿತು, ಆಮೇಲೆ ಬಿಡುವಿಲ್ಲದೆ ಒಂದೇ ಸಮ ಕೂಗಿತು, ಆಮೇಲೆ ವಿನ್ಸಿ ಹೋದ. ಲಿಲ್ಲಿ ಬಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೊಬೈಲಿನ ಬೆಳಕಿನಲ್ಲಿ ಮೆಟ್ಟಿಲು ಇಳಿದರು.

ಹೊಸ ಬ್ಯಾಟರಿಯನ್ನು, ಪೂರ್ತಿ ಚಾರ್ಜೂ ಆಗದ್ದನ್ನು, ಮೊದಲ ದಿನವೇ ತಳದ ತನಕ ಎಳೆದಿದ್ದೆ. ಹತ್ತು ವರ್ಷದಲ್ಲಿ ವಿನ್ಸಿ ನನಗೆ ಮಾಡಬೇಡ ಎಂದದ್ದೆಲ್ಲವನ್ನೂ ಒಂದೇ ಸಂಜೆಯಲ್ಲಿ ಮಾಡಿ ಮುಗಿಸಿದ್ದೆ. ಅವನಿದ್ದರೆ ಬೆಸುಗೆಯ ಕಡ್ಡಿ ಹಿಡಿದುಕೊಂಡೇ ಎದ್ದು ಬರುತ್ತಿದ್ದ. ಕತ್ತಲಲ್ಲಿ ಅವನ ಮೂಲೆಯ ಕಡೆಗೆ ಕಿವಿಗೊಟ್ಟು, ಆ ಬೈಗುಳಕ್ಕಾಗಿ ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಯುಪಿಎಸ್ಸಿನ ಮೇಲಿದ್ದ ಕಾಲನ್ನು ನಾನೇ ತೆಗೆದೆ.