ನೀರಿಗೆ ಗೋಡೆ ಕಟ್ಟಿದ ಮಾವ

ಕೋಗಿಲಿನ ನನ್ನ ಸೋದರಮಾವನಂಥ ಬುದ್ಧಿವಂತರು ಯಲಹಂಕದಿಂದ ಬಾಗಲೂರಿನವರೆಗೆ ಹುಡುಕಿದರೂ ಸಿಗುವುದಿಲ್ಲ. ಇದು ನನ್ನ ಮಾತಲ್ಲ, ಅವರದೇ! ರಾಗಿ ಬೆಳೆಯುತ್ತಿದ್ದ ಹೊಲದ ತಗ್ಗಿನಲ್ಲಿ, ಮಳೆನೀರಿನ ಕಾಲುವೆಗೆ ಮಣ್ಣು ತುಂಬಿಸಿ, ಮೂರಂತಸ್ತಿನ ಮನೆ ಎಬ್ಬಿಸಿದ ಮಹಾನುಭಾವರು.

"ನೀರು ಎಲ್ಲಿಗೆ ಹೋಗ್ಬೇಕು ಮಾವ?" ಎಂದು ಕೇಳಿದ್ದೆ.

"ಎಲ್ಲಿಗಾದ್ರೂ ಓಗ್ಲಿ! ದಾರಿ ತೋರ್ಸಕ್ಕೆ ನಾನೇನ್ ಟ್ರಾಫಿಕ್ ಪೊಲೀಸಾ?"

ಆ ಮೇ ತಿಂಗಳ ಗುಡುಗು ಮಳೆಗೆ ಯಾರೂ ದಾರಿ ತೋರಿಸಬೇಕಾಗಲಿಲ್ಲ. ನೀರು ನೆಟ್ಟಗೆ ಇವರ ಮನೆಗೇ ಬಂತು. ಬುದ್ಧಿ ಇದ್ದವರು ಕಾಲುವೆ ಬಿಡಿಸುತ್ತಿದ್ದರು. ಮಾವ ಸುತ್ತಲೂ ಎದೆಯೆತ್ತರದ ಕಾಂಕ್ರೀಟ್ ಗೋಡೆ ಕಟ್ಟಿಸಿ, ಗೇಟಿಗೆ ತಗಡು ಜಡಿದು, ಸಂದಿಗೆಲ್ಲ ರಬ್ಬರ್ ಹೊಡೆಸಿದರು. "ಒಂದ್ ತೊಟ್ಟು ಒಳಕ್ ಬರ್ಲಿ, ನೋಡಾನ!" ಎಂದು ಬಂದವರ ಎದುರೆಲ್ಲ ಗೋಡೆ ತಟ್ಟಿದ್ದೇ ತಟ್ಟಿದ್ದು.

ನೋಡಿದೆವು. ಮರುವರ್ಷದ ಬೇಸಗೆಯಲ್ಲಿ, ಒಂದು ಭಾನುವಾರ ನಾವೆಲ್ಲ ಅವರ ಮನೆಯಲ್ಲಿ ಮುದ್ದೆ ನುಂಗುತ್ತಿದ್ದಾಗ ಸಿಡಿಲು, ಆಲಿಕಲ್ಲು, ಜಡಿಮಳೆ! ರಸ್ತೆಯ ನೀರು ಒಳಗೆ ಬರಲಿಲ್ಲ, ನಿಜ. ಆದರೆ ತಾರಸಿಯ ನೀರೆಲ್ಲ ಪೈಪಿನಿಂದ ಅಂಗಳಕ್ಕೆ ಸುರಿಯಿತು, ಚರಂಡಿಯದು ಬಚ್ಚಲಿನಿಂದ ಉಕ್ಕಿತು. ಹೊರಗೆ ಹೋಗಲು ಗೋಡೆ ಬಿಡಬೇಕಲ್ಲ? ಮಳೆ ನಿಂತಿತು, ರಸ್ತೆ ಬರಿದಾಯಿತು. ಕಾಂಪೌಂಡಿನಲ್ಲಿ ಮಾತ್ರ ಮೊಣಕಾಲುದ್ದ ಕೆರೆ!

"ಗೇಟ್ ತೆಗೀರಿ ಮಾವ!"

"ತೆಗೆದ್ರೆ ರಸ್ತೆ ನೀರು ಒಳಕ್ ಬತ್ತದೆ. ಅಷ್ಟೂ ತಿಳಿಯಲ್ವಾ ನಿಂಗೆ?"

"ರಸ್ತೇಲಿ ನೀರೇ ಇಲ್ಲ ಕಣ್ರೀ," ಎಂದರು ಅತ್ತೆ, "ಇರೋದೆಲ್ಲ ನಮ್ಮನೇಲೇ!"

ಕೊನೆಗೆ ಅತ್ತೆಯೇ ಇಳಿದು ಹೋಗಿ ಗೇಟು ತೆಗೆದರು.

ಆಗ ಕೆಳಗಿನ ಮನೆಯ ಬಾಡಿಗೆದಾರರು, ಬಟ್ಟೆ ಹೊಲಿದು ಒಬ್ಬರೇ ಬದುಕುತ್ತಿದ್ದ ಹೆಂಗಸು, ಒಂದು ಗಂಟು ಎದೆಗವಚಿಕೊಂಡು ಮೆಟ್ಟಿಲ ಬಳಿ ಬಂದರು. ಹೆಸರಘಟ್ಟದ ಮದುಮಗಳ ರವಿಕೆಗಳು. ನೆನೆದು, ಒಂದರ ಕೆಂಪು ಬಣ್ಣ ಉಳಿದವಕ್ಕೆಲ್ಲ ಹತ್ತಿತ್ತು. "ಇನ್ಮೇಲೆ ನನಗ್ಯಾರು ಬಟ್ಟೆ ಕೊಡ್ತಾರೆ?" ಎಂದಷ್ಟೇ ಅಂದರು. ಮಾವನನ್ನು ಬೈಯಲಿಲ್ಲ. ನಾನಾಗಿದ್ದರೆ ಬಿಡುತ್ತಿರಲಿಲ್ಲ!

ಮಾವ ಕೆಳಗಿನ ಮನೆಯಲ್ಲಿ ಇನ್ನೂ ನಿಂತಿದ್ದ ನೀರಿಗಿಳಿದು, ಅವರ ಹೊಲಿಗೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ತಂದು ಮೇಲೆ ತಮ್ಮ ಪಡಸಾಲೆಯಲ್ಲಿಟ್ಟರು. ಆಮೇಲೆ ನನಗೆ ಕಾರು ತೆಗೆಯಲು ಹೇಳಿದರು.

ಹೆಸರಘಟ್ಟದ ಆ ಮನೆಯಲ್ಲಿ ಚಪ್ಪರದ ಕೆಲಸ ನಡೆದಿತ್ತು. ಹೆಂಗಸು ಗಂಟು ಬಿಚ್ಚಲು ಹೆದರಿ ಹಿಂದೆಯೇ ನಿಂತರು. ಹುಟ್ಟಿದಾಗಿನಿಂದ ಒಂದು ತಪ್ಪೂ ಒಪ್ಪಿಕೊಂಡಿರದ ನನ್ನ ಮಾವ, ಒದ್ದೆ ಪಂಚೆಯಲ್ಲೇ ಮುಂದೆ ಹೋಗಿ ಮದುಮಗಳ ತಾಯಿಗೆ ಕೈಮುಗಿದರು.

"ಈ ತಾಯಿದೇನೂ ತಪ್ಪಿಲ್ಲಮ್ಮ. ಬಟ್ಟೆ ಆಳ್ ಮಾಡಿದ್ದು ನಾನು. ಬಯ್ಯೋದಿದ್ರೆ ನನ್ನ ಬಯ್ರಿ."